ರೇಡಿಯೋದಲ್ಲಿ ಪಾಸಾದ ಬಿ.ಎ.

ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ರೈಟರ್ ವಾಸು ಪುತ್ರನ್ ಬಿ.ಎ. ಪಾಸಾದದ್ದು ರೇಡಿಯೋದಲ್ಲಿ. ಅಂಚೆಯ ಮೂಲಕ ಕಲಿತು ಪಾಸಾದವರಿದ್ದಾರೆ, ಸಂಜೆ ಕಾಲೇಜಿನಲ್ಲಿ ಕಲಿತವರಿದ್ದಾರೆ, ಏನೂ ಕಲಿಯದೆ ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಂಡು ತಿರುಗುವ ಮಹಾನುಭಾವರಿಗೂ ನಮ್ಮಲ್ಲಿ ಬರಗಾಲವಿಲ್ಲ. ಆದರೆ ಭಾನುವಾರ ಸಂಜೆ, ಹವಾಮಾನ ವರದಿಯ ಬೆನ್ನಿಗೇ, ಇಡೀ ಕರಾವಳಿ ಕಿವಿಗೊಟ್ಟು ಕೂತಿರುವಾಗ ಫಸ್ಟ್ ಕ್ಲಾಸಿನಲ್ಲಿ ಪಾಸಾದವನು ಅವನೊಬ್ಬನೇ ಇರಬೇಕು.

ಅದು ಆದದ್ದು ಹೀಗೆ. ಎಂಬತ್ತರ ದಶಕದಲ್ಲಿ ಬಿಜೈಯ ಅಲ್ಫೋನ್ಸ್ ಮಾಸ್ಟ್ರು ರೇಡಿಯೋಕ್ಕೆ ವಾರಕ್ಕೊಂದು ನಗೆ ನಾಟಕ ಬರೆಯುತ್ತಿದ್ದರು. ಹೆಸರು 'ಪುನರ್ಪುಳಿಗುಡ್ಡೆ ಕಾಲೇಜು'. ಗುಡ್ಡೆಯ ಮೇಲೊಂದು ಹಂಚಿನ ಕಟ್ಟಡ, ಹನ್ನೊಂದು ಮಂದಿ ವಿದ್ಯಾರ್ಥಿಗಳು, ಒಂದೇ ಒಂದು ಕರಿಹಲಗೆ, ಗಂಟೆ ಹೊಡೆಯುವುದರಿಂದ ಹಿಡಿದು ಸಸ್ಯಶಾಸ್ತ್ರದವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುವ ಒಬ್ಬ ಪ್ರಿನ್ಸಿಪಾಲರು, ಇಷ್ಟೇ ಆ ಕಾಲೇಜು. ಪ್ರಿನ್ಸಿಪಾಲರ ಪಾತ್ರ ಸ್ವತಃ ಮಾಸ್ಟ್ರದ್ದೇ. ಒಂದು ದಿನ ಅವರು ಮೀನು ತರಲು, ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋದವರು, ಏಲಂ ಕೂಗುತ್ತಿದ್ದ ವಾಸುವಿನ ಗಂಟಲು ಕೇಳಿ, ಇಂಥ ಗಂಟಲು ಬರೀ ಬೂತಾಯಿ ಮೀನಿಗೆ ಸವೆದುಹೋದರೆ ಅನ್ಯಾಯವೆಂದು ಹೇಳಿ ಅವನನ್ನು ಸ್ಟುಡಿಯೋಕ್ಕೆ ಕರೆದೊಯ್ದರು. ಮೊದಲು ಎಲ್ಲ ಪಾತ್ರಗಳಿಗೂ ಚಂದಚಂದದ ಹೆಸರುಗಳಿದ್ದವು. ಆದರೆ ರಿಹರ್ಸಲಿನಲ್ಲಿ ಹಾಜರಿ ಕರೆದರೆ ಒಬ್ಬನೂ ಓಗೊಡಲಿಲ್ಲ. ಯಾರಿಗೂ ತಮ್ಮ ಹೊಸ ಹೆಸರು ನೆನಪಿರಲಿಲ್ಲ. ಬೇಸತ್ತ ಮಾಸ್ಟ್ರು ನಟರ ಸ್ವಂತ ಹೆಸರುಗಳನ್ನೇ ಇಟ್ಟುಬಿಟ್ಟರು. ಹಾಗಾಗಿ ವಾರವಾರವೂ ರೇಡಿಯೋದಲ್ಲಿ 'ನಂಬರ್ ಏಳು, ವಾಸು ಪುತ್ರನ್' ಎಂದು ಕರೆಯುವುದು, ವಾಸು ಏದುಸಿರು ಬಿಡುತ್ತ ಬಂದು ತಡವಾದದ್ದಕ್ಕೆ ಒಂದು ಹೊಸ ಸುಳ್ಳು ಹೇಳುವುದು, ಊರಿಗೆ ಊರೇ ನಗುವುದು, ಎರಡು ವರ್ಷ ಇದೇ ನಡೆಯಿತು.

ಇಲ್ಲಿ ಸೇಸಪ್ಪ ತಂಡೇಲರ ವಿಷಯ ಹೇಳಬೇಕು. ತಂಡೇಲರೆಂದರೆ ದೋಣಿಯ ಮುಖ್ಯಸ್ಥರು. ಮೂವತ್ತು ವರ್ಷ ಕಡಲಿಗಿಳಿದ ಅವರು, ಇಂದು ಹೋಗಬೇಡಿ ಎಂದು ರೇಡಿಯೋ ಹೇಳಿದ ಮೇಲೂ ಹೋದ ದೋಣಿಗಳು ಮರಳಿ ಬಾರದ್ದನ್ನು ಕಣ್ಣಾರೆ ಕಂಡವರು. ಅವರ ಪಾಲಿಗೆ ರೇಡಿಯೋ ಹೇಳಿತೆಂದರೆ ಮುಗಿಯಿತು. ಗಾಳಿಯ ವಿಷಯದಲ್ಲಿ ಸತ್ಯ ಹೇಳುವ ಪೆಟ್ಟಿಗೆ ಮರುನಿಮಿಷದಲ್ಲೇ ಕಾಲೇಜಿನ ವಿಷಯದಲ್ಲಿ ಸುಳ್ಳು ಹೇಳುತ್ತದೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಅದು ಕಾಲೇಜಿನಿಂದ ನೇರ ಪ್ರಸಾರವೆಂದೇ ಅವರು ತಿಳಿದಿದ್ದರು. ಕೊನೆಯ ಕಂತಿನಲ್ಲಿ ಪ್ರಿನ್ಸಿಪಾಲರು ವಾಸು ಪುತ್ರನ್ ಬಿ.ಎ. ಫಸ್ಟ್ ಕ್ಲಾಸ್ ಎಂದು ಘೋಷಿಸಿದಾಗ ತಂಡೇಲರು ಧಕ್ಕೆಯಿಡೀ ಲಡ್ಡು ಹಂಚಿ, ಮರುದಿನವೇ ಮಗಳು ಅಪ್ಪಿಯ ಸಂಬಂಧ ಹೇಳಿಕೊಂಡು ಬಂದರು. ಹುಡುಗ ಪಾಸಾದದ್ದನ್ನು ತಾನು ಕಿವಿಯಾರೆ ಕೇಳಿದ್ದೇನೆ ಎಂದರು. ನಿಜ ಹೇಳಲು ವಾಸು ಬಾಯಿ ತೆರೆದ. ಪಕ್ಕದಲ್ಲಿದ್ದ ಸೋದರಮಾವ ಅವನ ತೊಡೆ ಚಿವುಟಿದರು. ಮದುವೆಯ ಕಾಗದದಲ್ಲಿ ಅವನ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚಾಯಿತು.

ಮದುವೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಮಗು ಹುಟ್ಟಿದ ಮೇಲೆ ಎಂದುಕೊಂಡ, ಮಾವ ತಂಡೇಲರು ತೀರಿಕೊಂಡ ವರ್ಷ ಇನ್ನೊಂದು ವರ್ಷ ಹೋಗಲಿ ಎಂದುಕೊಂಡ. ಹೀಗೆ ಮೂವತ್ತೆಂಟು ವರ್ಷ ಕಳೆಯಿತು. ಏಳನೇ ಕ್ಲಾಸಿಗೇ ಶಾಲೆ ಬಿಡಬೇಕಾಗಿ ಬಂದಿದ್ದ ಅಪ್ಪಿಗೆ ಗಂಡನ ಬಿ.ಎ. ಎಂದರೆ ಕೊರಳ ಕರಿಮಣಿಯಷ್ಟೇ ಬೆಲೆಬಾಳುವ ಒಡವೆ. ಓಣಿಯವರು ಅರ್ಜಿ ಬರೆಸಲು ಬಂದರೆ ಅವಳು ಚಾ ತಂದಿಟ್ಟು, 'ಇವರು ಕಾಲೇಜಿನಲ್ಲಿರುವಾಗ' ಎಂದು ಶುರುಮಾಡುತ್ತಿದ್ದಳು. ಮೀನಿನ ವ್ಯಾಪಾರ ಮಾಡಿಕೊಂಡಿದ್ದ ಅವಳ ತಮ್ಮ ಶೈಲೇಶನಂತೂ 'ಭಾವನನ್ನು ನೋಡಿ ಕಲಿ' ಎಂಬ ಮಾತನ್ನು ಊಟದಲ್ಲಿ ಉಪ್ಪಿನಕಾಯಿಗಿಂತ ಹೆಚ್ಚು ಸಲ ಕೇಳಿ ಬೆಳೆದವನು. ವಾಸುವಿಗೆ ಈ ಲೋಕದಲ್ಲಿ ಇದ್ದ ಹೆದರಿಕೆ ಒಂದೇ: ಅಪ್ಪಿಗೆ ಇದು ಗೊತ್ತಾಗಬಾರದು.

ಹೀಗಿರಲು ಕಳೆದ ಮೇ ತಿಂಗಳಲ್ಲಿ ಅವನ ಮನೆಗೆ ಒಂದು ಆಮಂತ್ರಣ ಬಂತು. 'ಪುನರ್ಪುಳಿಗುಡ್ಡೆ ಕಾಲೇಜು, ಹಳೆ ವಿದ್ಯಾರ್ಥಿಗಳ ಸಮ್ಮಿಲನ, ಭಾನುವಾರ ಸಂಜೆ ನಾಲ್ಕಕ್ಕೆ, ಬಿಜೈ. ಪ್ರಿನ್ಸಿಪಾಲರು ಹಾಜರಿ ಕರೆಯಲಿದ್ದಾರೆ.'

ಕಳುಹಿಸಿದವಳು ಅಲ್ಫೋನ್ಸ್ ಮಾಸ್ಟ್ರ ಮೊಮ್ಮಗಳು, ಟೀಚರ್ ಜಾಯ್ಸ್. ಮಾಸ್ಟ್ರಿಗೆ ಈಗ ಎಂಬತ್ತೇಳು. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೆ ಅವರ ಟ್ರಂಕಿನಲ್ಲಿ ಸಿಕ್ಕಿದ ಹಳೆಯ ಕ್ಯಾಸೆಟ್ಟನ್ನು ಹಾಕಿದಾಗ ಅಜ್ಜ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ಕಂಡ ಜಾಯ್ಸ್, ಬದುಕುಳಿದ ನಟರನ್ನೂ ಆ ಕಾಲದ ಕೇಳುಗರನ್ನೂ ಒಮ್ಮೆ ಒಟ್ಟುಸೇರಿಸಬೇಕೆಂದು ಹೊರಟಿದ್ದಳು. ತಮಾಷೆಗಿರಲಿ ಎಂದು ಆಮಂತ್ರಣವನ್ನು ಕಾಲೇಜಿನದೇ ಎಂಬಂತೆ ಅಚ್ಚು ಹಾಕಿಸಿದಳು. ಆ ತಮಾಷೆ ಅಂಚೆಯವನ ಕೈಯಿಂದ ನೇರ ಅಪ್ಪಿಯ ಕೈಗೆ ಬಂತು.

ಅಪ್ಪಿ ಅದನ್ನು ಎರಡು ಸಲ ಓದಿ ದೇವರ ಪಟದ ಪಕ್ಕ ಇಟ್ಟಳು. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ ತಲುಪಿತು. ವಾಸು ಐಸ್ ಪ್ಲಾಂಟಿನ ಹಳೆಯ ಗೆಳೆಯರೊಂದಿಗೆ ಹರಟೆ ಮುಗಿಸಿ ಬರುವಷ್ಟರಲ್ಲಿ ಅವಳು ಉಡಬೇಕಾದ ಸೀರೆಯನ್ನು ಆರಿಸಿಯೂ ಆಗಿತ್ತು. ಹೆಂಗಸರನ್ನು ಕರೆದುಕೊಂಡು ಹೋಗುವ ಪದ್ಧತಿ ಉಂಟೋ ಇಲ್ಲವೋ ಎಂದು ಅವನು ಮೆಲ್ಲಗೆ ಮಾತು ತೆಗೆದ. ಇಷ್ಟು ವರ್ಷದಲ್ಲಿ ತಾನು ಆ ಕಾಲೇಜಿನ ಒಂದು ಕಲ್ಲನ್ನೂ ನೋಡಿಲ್ಲ, ಪ್ರಿನ್ಸಿಪಾಲರಿಗಾದರೂ ಒಂದು ನಮಸ್ಕಾರ ಮಾಡಿ ಬರುತ್ತೇನೆ ಎಂದಳು ಅಪ್ಪಿ. ಅವಳ ಮುಖದಲ್ಲಿದ್ದ ಹಿಗ್ಗು ನೋಡಿ ವಾಸು ಆ ಮಾತನ್ನು ಅಲ್ಲಿಗೇ ಬಿಟ್ಟ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬೀಫಾತಿಮ್ಮ ಮೊಮ್ಮಗಳು ಸುಮಯ್ಯಾಳನ್ನೂ ಅವಳ ಪಿಯುಸಿ ಅಂಕಪಟ್ಟಿಯನ್ನೂ ಹಿಡಿದುಕೊಂಡು ಬಂದರು. ಹುಡುಗಿಗೆ ಬಿ.ಕಾಂ. ಕಲಿಯುವ ಆಸೆ. ಪೇಟೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಇತ್ತು, ಹೋಗಿ ಸೇರಿಕೊಳ್ಳುವುದೊಂದೇ ಬಾಕಿ. ಆದರೆ ಬೀಫಾತಿಮ್ಮರಿಗೆ ಗುರುತು ಪರಿಚಯ ಇಲ್ಲದ ಕಾಲೇಜು ಬೇಡ.

"ವಾಸಣ್ಣ, ನೀವು ಕಲಿತ ಕಾಲೇಜೇ ಸಾಕು ನಮಗೆ. ಹಳೆ ವಿದ್ಯಾರ್ಥಿ ಒಂದು ಮಾತು ಹೇಳಿದರೆ ಸೀಟು ಕೊಡ್ಲಿಕ್ಕಿಲ್ವಾ?"

ಚಾ ಹಿಡಿದು ನಿಂತಿದ್ದ ಅಪ್ಪಿ ಗಂಡನ ಮುಖ ನೋಡಿದಳು. ಆ ನೋಟದ ಎದುರು ಇಲ್ಲ ಎನ್ನುವ ಧೈರ್ಯ ವಾಸುವಿಗೆ ಎಂದೂ ಇರಲಿಲ್ಲ. "ನೋಡುವ" ಎಂದುಬಿಟ್ಟ. ನಮ್ಮೂರಿನಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆದರೆ ಬೇಕಾದವರಿಗೆ ಅದು ಆಯಿತು ಎಂದೇ ಕೇಳಿಸುತ್ತದೆ.

ಸುಮಯ್ಯಾ ಈ ಕಾಲದ ಹುಡುಗಿ. ಮೊಬೈಲಿನಲ್ಲಿ ಹುಡುಕಿ, ಅಂಥ ಕಾಲೇಜೇ ಇಲ್ಲವಲ್ಲ ಎಂದು ಅಜ್ಜಿಗೆ ಹೇಳಿದಳು. ವಾಸಣ್ಣನಿಗಿಂತ ನಿನ್ನ ಮೊಬೈಲಿಗೆ ಹೆಚ್ಚು ಗೊತ್ತಾ ಎಂದು ಅಜ್ಜಿ ಬಾಯಿ ಮುಚ್ಚಿಸಿದರು. ಆದರೆ ಆ ಮಾತು ಗೋಡೆ ದಾಟಿ ಶೈಲೇಶನ ಕಿವಿಗೆ ಬಿತ್ತು. ಬಾಲ್ಯದಿಂದ ಕಾದು ಕೂತಿದ್ದ ಮನುಷ್ಯ. ಸ್ಕೂಟರಿನಿಂದ ಇಳಿಯುವ ಮೊದಲೇ, ಭಾವ, ನಿಮ್ಮ ಕಾಲೇಜು ಇದ್ದದ್ದು ಎಲ್ಲಿ ಎಂದು ಕೇಳಿದ.

ವಾಸು ಆ ಗಳಿಗೆಯಲ್ಲಿ ಬಾಯಿಗೆ ಬಂದ ಹೆಸರು ಹೇಳಿದ. ನಂತೂರಿನಲ್ಲಿ ಇತ್ತು, ಹೈವೇ ಅಗಲ ಮಾಡುವಾಗ ಹೋಯಿತು ಎಂದ. ಇದು ಉತ್ತಮ ದರ್ಜೆಯ ಸುಳ್ಳು. ನಂತೂರಿನಲ್ಲಿ ಏನು ಹೋಯಿತು ಏನು ಉಳಿಯಿತು ಎಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಶೈಲೇಶ ಅಷ್ಟಕ್ಕೆ ಬಿಡಲಿಲ್ಲ. ಮರುದಿನ ಮೀನು ಸಾಗಿಸುವಾಗ ನಂತೂರು ಸರ್ಕಲಿನಲ್ಲಿ ಸ್ಕೂಟರ್ ನಿಲ್ಲಿಸಿ, ಲಾರಿ ಬಸ್ಸುಗಳ ನಡುವೆ ನಿಂತಿದ್ದ ಟ್ರಾಫಿಕ್ ಪೊಲೀಸನನ್ನು ವಿಚಾರಿಸಿದ. ತಾನು ಇಲ್ಲಿ ನಾಲ್ಕು ವರ್ಷದಿಂದ ನಿಂತಿದ್ದೇನೆ, ಆಚೆ ಬದಿಯಲ್ಲಿ ಏನುಂಟೆಂದು ಇನ್ನೂ ನೋಡಲು ಆಗಿಲ್ಲ, ಕಾಲೇಜು ಇದ್ದಿದ್ದರೂ ಮಕ್ಕಳು ರಸ್ತೆ ದಾಟಲಾರದೆ ಹಾಜರಿ ಸಾಲದೆ ಫೇಲಾಗುತ್ತಿದ್ದರು ಎಂದು ಪೊಲೀಸ್ ಹೇಳಿ, ನಡುರಸ್ತೆಯಲ್ಲಿ ವಾಹನ ನಿಲ್ಲಿಸಿದ್ದಕ್ಕೆ ಅವನ ನಂಬರ್ ಬರೆದುಕೊಂಡ. ಶೈಲೇಶನ ಅನುಮಾನಕ್ಕೆ ಈಗ ಸಿಟ್ಟೂ ಸೇರಿತು. ತಾನೂ ಬಿಜೈಗೆ ಬರುತ್ತೇನೆ ಎಂದ.

ಕಟ್ಟಡ ಹೋದರೇನಾಯಿತು, ಪ್ರಿನ್ಸಿಪಾಲರು ಇದ್ದಾರೆಂದ ಮೇಲೆ ಕಾಲೇಜು ಬೇರೆಲ್ಲೋ ಇದ್ದೇ ಇರುತ್ತದೆ ಎಂದು ತರ್ಕಿಸಿದ ಬೀಫಾತಿಮ್ಮರೂ ಹೊರಟು ನಿಂತರು.

ಇನ್ನು ತಡೆಯಲಾರದೆ ವಾಸು ಶುಕ್ರವಾರ ಒಬ್ಬನೇ ಬಿಜೈಗೆ ಹೋದ. ಜಗಲಿಯಲ್ಲಿ ಕೂತಿದ್ದ ಅಲ್ಫೋನ್ಸ್ ಮಾಸ್ಟ್ರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ವಾಸು, ಎಷ್ಟು ಗಂಟೆಗೆ ಬರುವುದು ನೀನು? ಲೀವ್ ಲೆಟರ್ ಎಲ್ಲಿ?"

ಮಾಸ್ಟ್ರಿಗೆ ಕಾಲ ಕಲಸಿಹೋಗಿದೆಯೆಂದು ವಾಸುವಿಗೆ ತಿಳಿಯಿತು. ಆದರೂ ಆ ಸ್ವರ ಕಿವಿಗೆ ಬಿದ್ದದ್ದೇ ಅವನ ಅರವತ್ತನಾಲ್ಕು ವರ್ಷಗಳಲ್ಲಿ ನಲವತ್ತು ಎಲ್ಲಿಗೋ ಓಡಿದವು. ಮರಳು ತುಂಬಿದ ತಟ್ಟೆಯಲ್ಲಿ ಚಪ್ಪಲಿ ಒತ್ತಿ ನಡಿಗೆಯ ಸದ್ದು ಮಾಡುತ್ತಿದ್ದದ್ದು, ಕೆಂಪು ದೀಪ ಹತ್ತಿದೊಡನೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದದ್ದು, ರೆಕಾರ್ಡಿಂಗ್ ಮುಗಿದ ಮೇಲೆ ಮಾಸ್ಟ್ರು ಎಲ್ಲರಿಗೂ ಗೋಳಿಬಜೆ ತಿನ್ನಿಸುತ್ತಿದ್ದದ್ದು ನೆನಪಾಗಿ ಕಣ್ಣು ತೇವವಾಯಿತು. ಆ ಕಾಲಕ್ಕೆ ಹಿಂದೆ ಹೋಗಿ ಇನ್ನೊಂದು ವಾರವಾದರೂ ಹಾಜರಿಗೆ ತಡವಾಗಿ ಬರಲು ಸಾಧ್ಯವಾದರೆ ಅವನು ಏನನ್ನು ಬೇಕಾದರೂ ಕೊಡುತ್ತಿದ್ದ. ತೆಪ್ಪಗೆ ಕೂತು ರಜೆ ಅರ್ಜಿ ಬರೆದ. ಮೂವತ್ತೆಂಟು ವರ್ಷ ಕಾಲೇಜಿಗೆ ಬಾರದಿದ್ದಕ್ಕೆ ಕಾರಣ: ಮದುವೆ. ಮಾಸ್ಟ್ರು ಓದಿ, ಕಾರಣ ಸಮಂಜಸವಾಗಿದೆ ಎಂದು ರುಜು ಹಾಕಿದರು.

ಬಂದ ಕೆಲಸ ಮಾತ್ರ ಕೆಟ್ಟಿತು. ಕಾರ್ಯಕ್ರಮ ನಿಲ್ಲಿಸಿ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಬ್ಯಾನರಿನಲ್ಲಿ ರೇಡಿಯೋ, ನಾಟಕ ಎಂಬ ಶಬ್ದಗಳು ಮಾತ್ರ ಬೇಡ ಎಂದು ಜಾಯ್ಸಳಲ್ಲಿ ಬೇಡಿಕೊಂಡ. ವಾಸು ಅಂಕಲ್ ಎಷ್ಟು ಚಂದದ ಐಡಿಯಾ ಕೊಟ್ಟರು, ಎಲ್ಲವೂ ನಿಜವಾದ ಕಾಲೇಜಿನ ಹಾಗೆಯೇ ಇರಲಿ ಎಂದು ಜಾಯ್ಸ್ ಕುಣಿದಳು. ಭಾನುವಾರದ ಹೊತ್ತಿಗೆ ಕಾಲೇಜಿಗೆ ಲಾಂಛನ ಬಂತು, ಹಾಜರಿ ಪುಸ್ತಕ ಬಂತು, ಎದೆಗೆ ಸಿಕ್ಕಿಸಲು ಬಿಲ್ಲೆ ಬಂತು. ನಿಜವಾದ ಕಾಲೇಜುಗಳೂ ಇಷ್ಟು ನಿಜವಾಗಿರುವುದಿಲ್ಲ.

ಸಭಾಂಗಣ ತುಂಬಿತ್ತು. ಬಂದರಿನ ದಿನಸಿ ಗೋಡೌನಿನಲ್ಲಿ ದುಡಿಯುತ್ತಿದ್ದವರೊಬ್ಬರು, ಹಾಜರಿ ಮುಗಿಯುವವರೆಗೆ ತಾವು ಮೂಟೆ ಎತ್ತುತ್ತಿರಲಿಲ್ಲ ಎಂದರು. ನಿವೃತ್ತ ನರ್ಸ್ ಲಿಡಿಯಾ ಬಾಯಿ, ವಾರ್ಡಿನ ರೋಗಿಗಳು ನಕ್ಕು ಹೊಲಿಗೆ ಬಿಚ್ಚಿಕೊಂಡ ಕಥೆ ಹೇಳಿದರು. ಇಷ್ಟೊಂದು ಮಂದಿ ಗಂಡನ ಸಹಪಾಠಿಗಳೆಂದು ಅಪ್ಪಿ ಬೆರಗಾಗಿ ನೋಡುತ್ತಿದ್ದಳು. ಆಮೇಲೆ ಜಾಯ್ಸ್ ಕ್ಯಾಸೆಟ್ ಹಾಕಿದಳು. ಕಪ್ಪೆ ವಟಗುಟ್ಟಿದಂಥ ಸದ್ದಿನ ನಡುವಿನಿಂದ ಇಪ್ಪತ್ತನಾಲ್ಕು ವರ್ಷದ ವಾಸುವಿನ ಸ್ವರ ಎದ್ದು ಬಂತು. ಅಪ್ಪಿ ಕಣ್ಣು ಮುಚ್ಚಿದಳು.

"ಇಲ್ಲಿ ಅಪ್ಪ ನಗ್ತಿದ್ದರು" ಎಂದಳು ಒಮ್ಮೆ. ಇನ್ನೂ ಸ್ವಲ್ಪ ಹೊತ್ತಿನಲ್ಲಿ, "ಇಲ್ಲಿ ಸುಮ್ಮನಿರಿ ಅಂತ ನಮಗೆಲ್ಲ ಬೈತಿದ್ದರು" ಎಂದಳು. ತೀರಿಹೋದ ತಂಡೇಲರು ಆ ಹೊತ್ತು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ವಾಸು ತಲೆ ತಗ್ಗಿಸಿದ.

ಅಷ್ಟರಲ್ಲಿ ಬೀಫಾತಿಮ್ಮ ಸುಮಯ್ಯಾಳ ಕೈ ಹಿಡಿದು ನೇರ ವೇದಿಕೆ ಹತ್ತಿದರು. ಮಾಸ್ಟ್ರು ಅಂಕಪಟ್ಟಿಯನ್ನು ಗಂಭೀರವಾಗಿ ನೋಡಿ, ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು, ಸೇರಿಸಿಕೊಂಡಿದ್ದೇನೆ, ನಾಳೆ ಒಂಬತ್ತಕ್ಕೆ ಸರಿಯಾಗಿ ಬಾ ಎಂದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲವೂ ನಾಟಕವೆಂದು ತಿಳಿದ ಜಾಯ್ಸ್ ಖುಷಿಯಿಂದ ವೀಡಿಯೋ ಮಾಡಿದಳು. ಕೆಳಗಿಳಿದ ಸುಮಯ್ಯಾ ವಾಸುವಿನ ಪಕ್ಕ ಬಂದು ಬಾಗಿದಳು.

"ಅಂಕಲ್, ಪೇಟೆಯ ಆ ಕಾಲೇಜಿಗೆ ಸೇರಲು ನಾಳೆ ಲಾಸ್ಟ್ ಡೇಟ್. ಅಜ್ಜಿ ಇನ್ನು ನನ್ನನ್ನು ಕಳಿಸುವುದಿಲ್ಲ. ನೀವು ಹೇಳಿದರೆ ಮಾತ್ರ ಕೇಳ್ತಾರೆ."

ವಾಸು ಒಮ್ಮೆ ಹುಡುಗಿಯನ್ನು ನೋಡಿದ, ಒಮ್ಮೆ ಅಪ್ಪಿಯನ್ನು ನೋಡಿದ. ಅಪ್ಪಿ ಪಕ್ಕದವರಿಗೆ ಗಂಡನ ಸ್ವರದ ಬಗ್ಗೆ ಹೇಳಿ ನಗುತ್ತಿದ್ದಳು. ವಾಸು ಎದ್ದ. ವೇದಿಕೆಗೆ ಹೋಗಿ ಮೈಕಿನ ಎದುರು ನಿಂತ. ತಾನು ಈ ಕಾಲೇಜಿನಲ್ಲಿ ಕಲಿತವನಲ್ಲ, ಇಂಥ ಕಾಲೇಜೇ ಇಲ್ಲ ಎಂದ.

ಸಭೆ ಗೊಳ್ಳೆಂದು ನಕ್ಕಿತು. ಬೀಫಾತಿಮ್ಮರೂ ನಕ್ಕರು.

"ಸತ್ಯ ಹೇಳ್ತಿದ್ದೇನೆ ಮಾರಾಯ್ರೇ" ಎಂದ ವಾಸು. ನಾಟಕದಲ್ಲಿ ಅವನ ಪ್ರತಿಯೊಂದು ಸುಳ್ಳೂ ಶುರುವಾಗುತ್ತಿದ್ದುದು ಇದೇ ಮಾತಿನಿಂದ. ಜನ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕರು. ಗೋಡೌನಿನವರು ಶಿಳ್ಳೆ ಹೊಡೆದರು. ಇಂಥ ಕಷ್ಟ ಶತ್ರುವಿಗೂ ಬೇಡ. ಜೀವಮಾನದಲ್ಲಿ ಒಮ್ಮೆ ನಿಜ ಹೇಳಲು ಹೊರಟವನಿಗೆ ಸಭೆಯೇ ಅಡ್ಡ ಬಂತು.

ವಾಸು ಸ್ವರ ತಗ್ಗಿಸಿದ. "ನಾನು ಎಸ್ಸೆಸೆಲ್ಸಿ ಫೇಲ್. ಗಣಿತದಲ್ಲಿ ಹದಿನೆಂಟು."

ನಗು ಅಲ್ಲಲ್ಲಿ ನಿಂತಿತು. ಅಲ್ಫೋನ್ಸ್ ಮಾಸ್ಟ್ರು ಎದುರಿದ್ದ ಹಾಳೆಗಳನ್ನು ಮೇಲೆ ಕೆಳಗೆ ಮಾಡಿ ಹುಡುಕಿದರು. ಸಿಗಲಿಲ್ಲ. ತಲೆಯೆತ್ತಿ, ಆ ದಿನವಿಡೀ ಇಲ್ಲದಿದ್ದ ಎಚ್ಚರದಿಂದ ಅವನನ್ನು ನೋಡಿದರು.

"ವಾಸು, ಇದು ಸ್ಕ್ರಿಪ್ಟಿನಲ್ಲಿ ಇಲ್ಲ."

ಆಗ ಸಭೆಗೆ ಅರ್ಥವಾಯಿತು. ಬೀಫಾತಿಮ್ಮ ಮೇಜಿನ ಮೇಲಿದ್ದ ಅಂಕಪಟ್ಟಿಯನ್ನು ಎತ್ತಿಕೊಂಡು, ಆ ಬೇರೆ ಕಾಲೇಜು ನಾಳೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಮೊಮ್ಮಗಳನ್ನು ಕೇಳಿದರು. ಅಪ್ಪಿ ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ವಾಸು ಹಿಂದೆ. ಅವನ ಪಕ್ಕದಲ್ಲಿ ಕೂತ ಶೈಲೇಶ, ದಾರಿಯುದ್ದಕ್ಕೂ ತಡೆದುಕೊಂಡವನು, ಇಳಿಯುವಾಗ ತಡೆಯಲಾರದೆ, "ಭಾವ, ನಾನು ಹತ್ತನೇ ಪಾಸು. ನಿಮಗೆ ಗೊತ್ತುಂಟಲ್ಲ?" ಎಂದ. ಆ ಒಂದು ಮಾತಿಗಾಗಿ ಅವನು ಮೂವತ್ತೆಂಟು ವರ್ಷ ಕಾದಿದ್ದನೆಂದು ವಾಸು ಅವನನ್ನು ಮನಸ್ಸಿನಲ್ಲೇ ಕ್ಷಮಿಸಿದ.

ಸೋಮವಾರ ಸುಮಯ್ಯಾ ಕಾಲೇಜಿಗೆ ಸೇರಿದಳು. ವಾಸುವಿನ ಮನೆಯಲ್ಲಿ ಮಾತ್ರ ಮೂರು ದಿನ ಮಾತಿಲ್ಲ. ಅಪ್ಪಿ ಗಂಜಿ ಬಡಿಸುತ್ತಿದ್ದಳು, ಮೀನು ಸಾರು ಬಡಿಸುತ್ತಿದ್ದಳು, ಸಾಕಾ ಎಂದು ಕೇಳುತ್ತಿರಲಿಲ್ಲ. ಬೈದಿದ್ದರೆ ವಾಸುವಿಗೆ ನಿದ್ದೆ ಬರುತ್ತಿತ್ತು. ಅರ್ಜಿ ಬರೆಸಲು ಬಂದವರನ್ನು, ನನಗೆ ಬರುವುದಿಲ್ಲ ಎಂದು ಅವನೇ ಹಿಂದೆ ಕಳುಹಿಸಿದ.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪಿ ಅವನ ಮುಂದೆ ಒಂದು ಪುಸ್ತಕವನ್ನೂ ಒಂದು ಫಾರಮನ್ನೂ ಇಟ್ಟಳು. ಪುಸ್ತಕ ಸುಮಯ್ಯಾಳ ಹಳೆಯ ಹತ್ತನೇ ಕ್ಲಾಸಿನ ಗಣಿತ. ಫಾರಮ್ಮು ಖಾಸಗಿಯಾಗಿ ಪರೀಕ್ಷೆ ಬರೆಯುವವರದ್ದು.

"ಸುಳ್ಳು ಹೇಳಿದ್ದು ನೀವು. ಆದರೆ ಊರಿಡೀ ಹೇಳಿಕೊಂಡು ಬಂದದ್ದು ನಾನು. ಅಪ್ಪನೂ ಲಡ್ಡು ಹಂಚಿ ಹೇಳಿದ್ದಾರೆ. ಅವರು ಸುಳ್ಳುಗಾರರಾಗಿ ಸತ್ತದ್ದು ಅಂತ ಆಗಬಾರದು. ಪಾಸಾಗಿ."

ವಾಸು ತಬ್ಬಿಬ್ಬಾದ. ಬೆರಳು ಮಡಚಿ ಲೆಕ್ಕ ಹಾಕಿದ: ಗಣಿತಕ್ಕೆ ಒಂದು ವರ್ಷ, ಪಿಯುಸಿಗೆ ಎರಡು, ಬಿ.ಎ.ಗೆ ಮೂರು. ಸಂಜೆ ಪಾಠ ಹೇಳಿಕೊಡಲು ಸುಮಯ್ಯಾ ಒಪ್ಪಿದ್ದಾಳೆಂದೂ, ತಾನೂ ಪಕ್ಕದಲ್ಲೇ ಕೂತು ಕೇಳುವವಳೆಂದೂ, ಏಳಕ್ಕೆ ಬಿಟ್ಟದ್ದನ್ನು ಎಂಟರಿಂದ ಶುರುಮಾಡುತ್ತೇನೆಂದೂ ಅಪ್ಪಿ ಹೇಳುತ್ತಲೇ ಇದ್ದಳು.

"ಅಷ್ಟೆಲ್ಲ ಮುಗಿಯುವಾಗ ನನಗೆ ಎಪ್ಪತ್ತು ದಾಟ್ತದೆ, ಅಪ್ಪಿ."

"ದಾಟಲಿ" ಎಂದಳು ಅವಳು, ಪುಸ್ತಕದ ಮೊದಲ ಪುಟ ತೆರೆದು ಅವನ ಕಡೆ ತಿರುಗಿಸುತ್ತ. "ಅಷ್ಟರವರೆಗೆ ನೀವು ಸಾಯ್ಲಿಕ್ಕಿಲ್ಲ."